ಚಿಕ್ಕಪ್ಪ ಸಾಯಗೊಡದ ಸಾಹುಕಾರ

ನನ್ನ ಕಾದಂಬರಿಯ ಸಾಹುಕಾರ ಮೂರನೆಯ ಅಧ್ಯಾಯದ ಕೊನೆಯಲ್ಲಿ ಸಾಯಬೇಕಾಗಿತ್ತು. ಅವನು ಸಾಯದಿದ್ದರೆ ಕಾದಂಬರಿಯೇ ಇಲ್ಲ. ಇಷ್ಟು ಸರಳವಾದ ಸಂಗತಿ ನಮ್ಮ ಚಿಕ್ಕಪ್ಪನಿಗೆ ಅರ್ಥವಾಗಲು ಒಂದು ವರ್ಷದ ಮೇಲೆ ಹಿಡಿಯಿತು. ಅರ್ಥವಾಯಿತೆಂದು ಈಗಲೂ ನಾನು ಆಣೆ ಮಾಡಿ ಹೇಳಲಾರೆ.

ನಾನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದವಳು. ನಿವೃತ್ತಿಯಾದ ಮೇಲೆ ಜನ ತೀರ್ಥಯಾತ್ರೆ ಮಾಡುತ್ತಾರೆ, ಸಂಗೀತ ಕಲಿಯುತ್ತಾರೆ. ನಾನು ಒಂದು ಪತ್ತೇದಾರಿ ಕಾದಂಬರಿ ಬರೆಯಲು ಕೂತೆ. ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿನ ಮೈಸೂರಿನಲ್ಲಿ, ಪ್ಲೇಗಿನ ಕಾಲದಲ್ಲಿ. ಮನೆಯಲ್ಲಿ ಇಲಿ ಬಿದ್ದರೆ ಸಾಕು, ಜನ ಪಾತ್ರೆ ಪಡಗ ಕಟ್ಟಿಕೊಂಡು ಊರ ಹೊರಗಿನ ಗುಡಿಸಲಿಗೆ ಹೋಗುತ್ತಿದ್ದರಂತೆ. ಇದನ್ನು ನಮ್ಮಜ್ಜಿ ತಮ್ಮ ಅತ್ತೆಯಿಂದ ಕೇಳಿ ನಮಗೆ ಹೇಳುತ್ತಿದ್ದರು. ಹೆಣ ಎತ್ತಲೂ ಜನ ಹೆದರುತ್ತಿದ್ದ ಅಂಥ ಕಾಲದಲ್ಲಿ ಯಾರನ್ನಾದರೂ ಕೊಂದು, 'ಪ್ಲೇಗ್' ಎಂದು ಬಾಗಿಲು ಹಾಕಿಕೊಂಡರೆ ಯಾರು ಬಂದು ಮುಟ್ಟಿ ನೋಡುತ್ತಾರೆ? ಈ ಒಂದು ಪ್ರಶ್ನೆ ನನ್ನ ತಲೆ ಹೊಕ್ಕಿತು. ಮಂಡಿ ಮೊಹಲ್ಲಾದಲ್ಲಿ ಬೇಳೆಕಾಳಿನ ಮಂಡಿ ಇಟ್ಟುಕೊಂಡ ಒಬ್ಬ ಸಾಹುಕಾರ ಸಾಯುತ್ತಾನೆ. ಪ್ಲೇಗ್ ಎಂದು ಎಲ್ಲರೂ ನಂಬುತ್ತಾರೆ. ಹೊಸದಾಗಿ ಡಾಕ್ಟರಿ ಓದಿ ಬಂದ ಯುವಕನೊಬ್ಬ ಮಾತ್ರ ಹೆಣದ ಮೈಮೇಲೆ ಎಲ್ಲೂ ಪ್ಲೇಗಿನ ಗಡ್ಡೆ ಇಲ್ಲವೆಂದು ಗಮನಿಸುತ್ತಾನೆ. ಅಲ್ಲಿಂದ ಕಥೆ.

ವಿಷ, ನಾಡಿ, ಜ್ವರ ಇವುಗಳ ವಿಷಯದಲ್ಲಿ ತಪ್ಪಾಗಬಾರದೆಂದು ಕಥೆಯನ್ನು ಕೊನೆಯವರೆಗೆ ಹೇಳಿ, ಬರೆದದ್ದನ್ನು ಚಿಕ್ಕಪ್ಪನಿಗೆ ತೋರಿಸಿದೆ. ಇಡೀ ಕಷ್ಟ ಶುರುವಾದದ್ದು ಅಲ್ಲಿಂದ.

ಚಿಕ್ಕಪ್ಪ ನಮ್ಮ ತಂದೆಯ ಕೊನೆಯ ತಮ್ಮ. ಎಂಬತ್ತು ದಾಟಿದೆ. ಅಗ್ರಹಾರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಮುಂದಿನ ಕೋಣೆಯಲ್ಲಿ ಜೀವಮಾನವಿಡೀ ಕ್ಲಿನಿಕ್ ನಡೆಸಿದರು. ಈಗ ಬೋರ್ಡು ತೆಗೆದಿದ್ದಾರೆ, ಆದರೆ ಬೆಂಚು ತೆಗೆದಿಲ್ಲ. ಬೆಂಚು ಇದ್ದಮೇಲೆ ಜನ ಬರುತ್ತಾರೆ. ಸಂಜೆ ಜಗಲಿಯಲ್ಲಿ ಕೂತು ಹಳೆಯ ಪೇಷಂಟುಗಳಿಗೆ ಬೈಯುವುದು ಅವರ ನಿತ್ಯಕರ್ಮ. ಚಿಕ್ಕಮ್ಮ ಒಳಗಿನಿಂದ ಕಾಫಿ ಕಳಿಸುತ್ತಾರೆ. ಮಗ ಸೊಸೆ ಮಹಡಿಯಲ್ಲಿದ್ದಾರೆ. ಮಗನಿಗೆ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಕೆಲಸ, ಅವನು ಸಿಕ್ಕುವುದೇ ಅಪರೂಪ.

ಮೊದಲ ಸಲ ಬರೆದದ್ದರಲ್ಲಿ ನಾನು ಸಾಹುಕಾರನಿಗೆ ಪಾಷಾಣ ಹಾಕಿದ್ದೆ. ಕೆಮಿಸ್ಟ್ರಿಯವಳಿಗೆ ತಕ್ಷಣ ಹೊಳೆಯುವ ವಿಷ ಅದು. ಮರುದಿನವೇ ಕರೆ ಬಂತು. ಹೋದೆ. ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದರು.

"ಏನೇ ಇದು, ಪಾಷಾಣ ಕೊಟ್ಬುಟ್ಟಿದ್ದೀಯ?"

"ಹೌದು ಚಿಕ್ಕಪ್ಪ."

"ಪಾಷಾಣ ತಿಂದೋನು ಪ್ಲೇಗ್ ಬಂದೋನ ಥರ ಸಾಯಲ್ಲ ಕಣೆ. ವಾಂತಿ ಭೇದಿ ಕಿತ್ಕೊಂಡು ಕಾಲರಾ ಬಂದೋನ ಥರ ಸಾಯ್ತಾನೆ. ನಿನ್ನ ಡಾಕ್ಟರೇನು ಕಣ್ಣು ಮುಚ್ಕೊಂಡು ಪಾಸ್ ಆದವನಾ?"

ಮಾತು ಸರಿಯಾಗಿತ್ತು. ಬದಲಾಯಿಸಿದೆ. ವತ್ಸನಾಭಿಯೆಂಬ ಬೇರಿನ ವಿಷ ಹಾಕಿದೆ. ಅದನ್ನೂ ತಿರಸ್ಕರಿಸಿದರು. ಅದು ನಾಲಿಗೆಗೆ ತಾಗಿದ ಕೂಡಲೇ ಬಾಯೆಲ್ಲ ಜುಮ್ಮೆಂದು ಮರಗಟ್ಟುತ್ತದೆ, ಸಾಹುಕಾರ ಅದನ್ನು ಬಾಯಿಬಿಟ್ಟು ಹೇಳುತ್ತಾನೆ, ಆ ಕಾಲದ ಯಾವ ಪಂಡಿತನಿಗೂ ಅಷ್ಟು ಸಾಕು, ವಿಷಯ ಅಲ್ಲಿಗೇ ಬಯಲಾಗುತ್ತದೆ ಎಂದರು. ಅದೂ ಸರಿಯಿತ್ತು. ಕೊನೆಗೆ ಅವರೇ ಕಣಗಿಲೆಯ ಬೇರು ಎಂದು ತೀರ್ಮಾನಿಸಿದರು. ದೇವರಿಗೆ ಏರಿಸುವ ಹೂವಿನ ಗಿಡ, ಯಾರ ಹಿತ್ತಿಲಲ್ಲಾದರೂ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಅಂದು ಸಂಜೆ ಅವರು ಬಹಳ ಉತ್ಸಾಹದಲ್ಲಿದ್ದರು. ನಾನು ಬರೆದುಕೊಳ್ಳುತ್ತ ಹೋದೆ.

"ಮೊದಲು ಊಟ ಸೇರಲ್ಲ. ಹೊಟ್ಟೆ ತೊಳೆಸುತ್ತೆ. ಆಮೇಲೆ ನಾಡಿ ನಿಧಾನ ಆಗ್ತಾ ಬರುತ್ತೆ. ಕಣ್ಣಿಗೆ ಎಲ್ಲಾ ಹಳದಿ ಹಳದಿ ಕಾಣುತ್ತೆ, ದೀಪದ ಸುತ್ತ ಬಳೆ ಕಾಣ್ಸುತ್ತೆ. ಎಲ್ಲರಿಗೂ ಹಾಗಾಗಲ್ಲ, ಆದರೆ ಕಥೆಗೆ ಚೆನ್ನಾಗಿರುತ್ತೆ, ಹಾಕ್ಕೋ. ನಾನು ಎದೆಗೆ ತಗೊಳ್ತೀನಲ್ಲ ಮಾತ್ರೆ, ಅದೂ ಇದೇ ಜಾತೀದು. ಅಳತೆ ಮೀರದೆ ಇದ್ರೆ ಔಷಧ, ಮೀರಿದ್ರೆ ನಿನ್ನ ಸಾಹುಕಾರನ ಗತಿ."

ನಾನು ಸಂತೋಷದಿಂದ ಮನೆಗೆ ಬಂದು ಮೂರನೆಯ ಅಧ್ಯಾಯವನ್ನು ಒಂದೇ ಬೈಠಕ್ಕಿನಲ್ಲಿ ಬರೆದು ಮುಗಿಸಿದೆ. ಸಾಹುಕಾರನಿಗೆ ವಾಂತಿಯಾಯಿತು, ಗೋಡೆ ಹಳದಿಯಾಯಿತು, ನಾಡಿ ನಿಂತಿತು. ಡಾಕ್ಟರು ಟಾಂಗಾದಲ್ಲಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಓದಿಕೊಂಡರೆ ನನಗೇ ಮೈ ಜುಮ್ಮೆಂದಿತು. ಪ್ರಿಂಟ್ ತೆಗೆದು ಚಿಕ್ಕಪ್ಪನಿಗೆ ಕೊಟ್ಟುಬಂದೆ.

ಹಾಳೆಗಳು ವಾಪಸು ಬಂದಾಗ ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ಏನೇನೋ ಗೀಚಿತ್ತು. ಜೀವಮಾನವಿಡೀ ಚೀಟಿ ಬರೆದ ಕೈ ಅದು, ಒಂದಕ್ಷರ ತಿಳಿಯಲಿಲ್ಲ. ಕೊನೆಗೆ ಬೀದಿ ಮೂಲೆಯ ಮೆಡಿಕಲ್ ಸ್ಟೋರಿಗೆ ತೆಗೆದುಕೊಂಡು ಹೋಗಿ ತೋರಿಸಿದೆ. ಅಂಗಡಿಯವರು ಸಲೀಸಾಗಿ ಓದಿ ಹೇಳಿದರು.

"ಇಲ್ಲಿ 'ಕೂಡಲೇ ಕೊಳವೆ ಇಳಿಸಿ ಹೊಟ್ಟೆ ತೊಳೆಯತಕ್ಕದ್ದು' ಅಂತಿದೆ. ಇಲ್ಲಿ 'ನಾಡಿ ಏರಿಸಲು ಅಟ್ರೊಪಿನ್ ಸೂಜಿ, ಆ ಕಾಲದಲ್ಲೂ ಇತ್ತು' ಅಂತ. ಕೆಳಗಡೆ, 'ಟಾಂಗಾ ಕುದುರೆಗೆ ಏನು ಧಾಡಿ' ಅಂತ ಬರ್ದಿದ್ದಾರೆ." ಆಮೇಲೆ ಸ್ವಲ್ಪ ಸಂಕೋಚದಿಂದ, "ಪೇಷಂಟ್ ಯಾರು ಮೇಡಂ? ಈಗ ಹೇಗಿದ್ದಾರೆ?" ಎಂದರು.

ನಾನು ನೇರವಾಗಿ ಚಿಕ್ಕಪ್ಪನ ಮನೆಗೆ ಹೋದೆ.

"ಚಿಕ್ಕಪ್ಪ, ಅವನು ಸಾಯಬೇಕು. ಸತ್ತರೇ ಕಥೆ."

"ಯಾಕೆ ಸಾಯಬೇಕು? ಡಾಕ್ಟರು ಮುಕ್ಕಾಲು ಗಂಟೆ ಮುಂಚೆ ಬಂದಿದ್ರೆ ಬದುಕ್ತಿದ್ದ. ಮಂಡಿ ಮೊಹಲ್ಲಾ ಏನು ಶ್ರೀಲಂಕಾದಲ್ಲಿದೆಯಾ? ಅರಮನೆ ಹತ್ರದಿಂದ ಹೊರಟ್ರೆ ನಡ್ಕೊಂಡೇ ಹೋಗಬಹುದು."

"ಮುಂಚೆ ಬರಲಿಲ್ಲ, ಅಷ್ಟೆ. ಹಾಗಂತ ನಾನು ಬರೆದಿದ್ದೀನಿ."

"ಹಾಗಾದ್ರೆ ಅವನನ್ನ ಕೊಂದೋಳು ನೀನು, ವಿಷ ಹಾಕಿದ ಅವನ ಭಾಮೈದ ಅಲ್ಲ."

"ಇದು ನಿಮ್ಮ ಪೇಷಂಟ್ ಅಲ್ಲ ಚಿಕ್ಕಪ್ಪ."

"ಕಾಯಿಲೆ ಬರೆದು ನನ್ನ ಕೈಗೆ ಕೊಟ್ಟ ಮೇಲೆ ನನ್ನ ಪೇಷಂಟೇ."

ಈ ಮನುಷ್ಯನೊಂದಿಗೆ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ. ನಮ್ಮ ತಂದೆಯೂ ಗೆದ್ದಿರಲಿಲ್ಲ. ನಾನು ಟಾಂಗಾದ ಚಕ್ರ ಮುರಿಸಿದೆ. ಡಾಕ್ಟರು ನಡೆದು ಬರಬಹುದಿತ್ತು ಎಂದರು. ಡಾಕ್ಟರನ್ನು ಊರ ಹೊರಗಿನ ಪ್ಲೇಗ್ ಷೆಡ್ಡಿಗೆ ಕಳಿಸಿದೆ. ಹಾಗಾದರೆ ಕಾಂಪೌಂಡರು ಎಲ್ಲಿ ಹೋದ, ಅವನಿಗೂ ಹೊಟ್ಟೆ ತೊಳೆಯಲು ಬರುತ್ತದೆ ಎಂದರು. ಕಾಂಪೌಂಡರಿಗೆ ಪ್ಲೇಗ್ ಬರಿಸಿದೆ. ಅಂದು ಅವರ ಮುಖ ನೋಡುವಂತಿರಲಿಲ್ಲ. "ಅವನನ್ನೂ ಕೊಂದ್ಯಾ?" ಎಂದರು. ನಾನು ಮನೆಗೆ ಬಂದು ಕಾಂಪೌಂಡರನ್ನು ಬದುಕಿಸಿ ರಜೆಯ ಮೇಲೆ ಊರಿಗೆ ಕಳಿಸಿದೆ.

ಇಷ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಒಂದು ಬೆಳಗ್ಗೆ ಹೂವಿನವಳು ಮೊಳ ಅಳೆಯುತ್ತ ತಲೆಯೆತ್ತದೆ ಕೇಳಿದಳು.

"ಅಮ್ಮಾವ್ರೆ, ಆ ಭಾಮೈದನ್ನ ಪೊಲೀಸ್ನೋರು ಇಡ್ಕೊಂಡ್ರಾ?"

"ಯಾವ ಭಾಮೈದ?"

"ಅದೇ, ಬಾವಂಗೆ ಕಣಗಿಲೆ ಬೇರು ಅರ್ದು ಕುಡುಸ್ದನಲ್ಲ, ಅವ್ನು. ಡಾಕ್ಟ್ರು ಯೋಳುದ್ರು. ಅಂಗೇ ಬುಟ್ಬುಡಬೇಡಿ ಅವ್ನ."

ನಾನು ಹೂವು ತೆಗೆದುಕೊಳ್ಳುವುದನ್ನೂ ಮರೆತು ನಿಂತೆ. ಪತ್ತೇದಾರಿ ಕಾದಂಬರಿಗೆ ಇರುವುದೇ ಒಂದು ಗುಟ್ಟು. ಕೊಲೆಗಾರ ಯಾರೆಂಬುದು ಕೊನೆಯ ಅಧ್ಯಾಯದವರೆಗೆ ಓದುವವರಿಗೆ ತಿಳಿಯಬಾರದು. ನಾನಿನ್ನೂ ಆರನೆಯ ಅಧ್ಯಾಯದಲ್ಲಿದ್ದೆ, ಹೂವಿನವಳಿಗೆ ಕೊನೆಯ ಅಧ್ಯಾಯ ಗೊತ್ತಿತ್ತು. ವಿಚಾರಿಸಿದರೆ ಕಾಫಿಪುಡಿ ಅಂಗಡಿಯವರಿಗೂ ಗೊತ್ತು, ಗಣಪತಿ ಗುಡಿಯ ಅರ್ಚಕರಿಗೂ ಗೊತ್ತು. ಅರ್ಚಕರಂತೂ ನನ್ನನ್ನು ಪಕ್ಕಕ್ಕೆ ಕರೆದು, ಸ್ವಂತ ಅಕ್ಕನ ಮಾಂಗಲ್ಯ ಹೋಗುವಂತೆ ಯಾವ ತಮ್ಮನೂ ಮಾಡುವುದಿಲ್ಲ, ಇದನ್ನು ದಯವಿಟ್ಟು ಬದಲಾಯಿಸಿ ಎಂದು ಕೇಳಿಕೊಂಡರು.

ಚಿಕ್ಕಪ್ಪನನ್ನು ಕೇಳಿದರೆ ಅವರಿಗೆ ತಾವು ಮಾಡಿದ್ದು ಏನೆಂದೇ ಅರ್ಥವಾಗಲಿಲ್ಲ.

"ಬಂದೋರು ಏನು ಓದ್ತಿದ್ದೀರಿ ಅಂತಾರೆ. ಹೇಳ್ದೆ. ಅದರಲ್ಲಿ ಮುಚ್ಚಿಡೋಂಥದ್ದು ಏನಿದೆ?"

"ಕೊಲೆಗಾರನ ಹೆಸರು ಮುಚ್ಚಿಡಬೇಕು ಚಿಕ್ಕಪ್ಪ. ಕಾದಂಬರಿ ಇರೋದೇ ಅದಕ್ಕೆ."

"ರೋಗ ಏನು ಅಂತ ಮೊದಲೇ ಹೇಳಿಬಿಡೋದು ಒಳ್ಳೇದು ಕಣಮ್ಮ. ಜನ ಸುಮ್ಮನೆ ಗಾಬರಿ ಆಗ್ತಾರೆ."

ನಾನು ಕೊಲೆಗಾರನನ್ನು ಬದಲಾಯಿಸಿದೆ. ಭಾಮೈದನನ್ನು ಬಿಟ್ಟು ಮಂಡಿಯ ಗುಮಾಸ್ತನನ್ನು ಹಿಡಿದೆ. ಅದಕ್ಕಾಗಿ ನಾಲ್ಕು ಅಧ್ಯಾಯ ಹೊಸದಾಗಿ ಬರೆಯಬೇಕಾಯಿತು. ಆ ಹಾಳೆಗಳನ್ನು ಚಿಕ್ಕಪ್ಪನಿಗೆ ಕೊಡಬಾರದೆಂದು ಗಟ್ಟಿಮನಸ್ಸು ಮಾಡಿದ್ದೆ, ಆದರೆ ಶವಪರೀಕ್ಷೆಯ ಭಾಗ ಅದರಲ್ಲೇ ಇತ್ತು. ಅದನ್ನು ನೋಡಿಕೊಡಲು ಬೇರೆ ಯಾರಿದ್ದಾರೆ? ಕೊಟ್ಟೆ. ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡೇ ಕೊಟ್ಟೆ.

ಆ ವಾರವೇ ನನ್ನ ಪ್ರಕಾಶಕರ ಫೋನು ಬಂತು. ಅವರು ಮಂಡಿ ಮೊಹಲ್ಲಾದಲ್ಲಿ ತಾತನ ಕಾಲದಿಂದ ಪ್ರೆಸ್ ನಡೆಸುವ ಕ್ರೈಸ್ತ ಮನೆತನದವರು. ಮದುವೆ ಕಾರ್ಡು, ಚರ್ಚಿನ ಮಾಸಪತ್ರಿಕೆ ಅಚ್ಚು ಹಾಕಿ ಉಳಿದ ಹೊತ್ತಿನಲ್ಲಿ ಪ್ರೀತಿಯಿಂದ ಕನ್ನಡ ಪುಸ್ತಕ ಮಾಡುತ್ತಾರೆ. ತುಂಬಾ ಮರ್ಯಾದಸ್ಥರು, ಯಾವತ್ತೂ ಧ್ವನಿ ಏರಿಸಿದವರಲ್ಲ.

"ಮೇಡಂ, ಒಂದು ವಿಷಯ ಕೇಳಬೇಕಿತ್ತು. ಕೊಲೆ ಮಾಡೋದು ಗುಮಾಸ್ತನಂತೆ, ಹೌದಾ?"

"ಯಾರು ಹೇಳಿದ್ರು ನಿಮಗೆ?"

"ಭಾನುವಾರ ಚರ್ಚಲ್ಲಿ ಪೂಜೆ ಮುಗಿಸಿ ಆಚೆ ಬಂದ್ವಿ. ನಮ್ಮ ಅತ್ತಿಗೆಯವ್ರು ಹೇಳಿದ್ರು. ಅವ್ರಿಗೆ ಮಂಡಿನೋವು, ನಿಮ್ಮ ಚಿಕ್ಕಪ್ಪನವ್ರ ಹತ್ರ ತೋರಿಸೋಕೆ ಹೋಗಿದ್ರಂತೆ." ಸ್ವಲ್ಪ ತಡೆದು ಅಂದರು, "ನಾನು ಪುಸ್ತಕ ಮಾರಬೇಕಲ್ಲ ಮೇಡಂ. ನಮ್ಮ ಚರ್ಚಿನೋರೇ ಒಂದಷ್ಟು ಜನ ಕೊಳ್ತಾರೆ ಅಂದ್ಕೊಂಡಿದ್ದೆ. ಈಗ ಅವ್ರಿಗೆಲ್ಲಾ ಗೊತ್ತಾಗೋಯ್ತು."

ಎರಡು ಧರ್ಮದವರಿಗೂ ನನ್ನ ಕಾದಂಬರಿಯ ಅಂತ್ಯ ತಿಳಿದಂತಾಯಿತು. ಊರಿನಲ್ಲಿ ಇಷ್ಟೊಂದು ಸಾಮರಸ್ಯ ಬೇರೆ ಯಾವ ವಿಷಯದಲ್ಲೂ ಇರಲಿಲ್ಲ.

ಫೋನಿಟ್ಟು ಹೊರಟೆ. ಚಿಕ್ಕಪ್ಪನ ಜಗಲಿಯಲ್ಲಿ ಎಂದಿನ ನಾಲ್ಕಾರು ಜನ ಕೂತಿದ್ದರು. ಚಿಕ್ಕಪ್ಪ ಕೈಯಲ್ಲಿ ಹಾಳೆ ಹಿಡಿದು ಜೋರಾಗಿ ಓದುತ್ತಿದ್ದರು. ನನ್ನ ಹಾಳೆಯಲ್ಲ. ಅವರೇ ಬರೆದದ್ದು. ಮೂರನೆಯ ಅಧ್ಯಾಯವನ್ನು ತಮಗೆ ಬೇಕಾದ ಹಾಗೆ ತಿದ್ದಿ ಬರೆದಿದ್ದರು. ಅದರಲ್ಲಿ ಡಾಕ್ಟರು ಸರಿಯಾದ ಹೊತ್ತಿಗೆ ಬರುತ್ತಾನೆ, ರಬ್ಬರ್ ಕೊಳವೆ ಇಳಿಸಿ ಹೊಟ್ಟೆ ತೊಳೆಯುತ್ತಾನೆ, ಅಟ್ರೊಪಿನ್ ಚುಚ್ಚುತ್ತಾನೆ. ಬೆಳಗಾಗುವಷ್ಟರಲ್ಲಿ ಸಾಹುಕಾರ ಎದ್ದು ಗೋಡೆಗೊರಗಿ ಗಂಜಿ ಕುಡಿಯುತ್ತಾನೆ. ಗಂಜಿಗೆ ಉಪ್ಪಿನಕಾಯಿ ಕೊಡಬಾರದೆಂಬ ಸೂಚನೆಯೂ ಇತ್ತು. ಕೇಳುತ್ತಿದ್ದವರಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಇನ್ನೊಬ್ಬರು ನನ್ನನ್ನು ನೋಡಿ, "ಇದೇ ಇರಲಿ ಕಣಮ್ಮ, ಇದೇ ಚೆನ್ನಾಗಿದೆ," ಎಂದರು.

"ಗಂಜಿ ಕುಡಿದ ಮೇಲೆ ಮುಂದೇನು?" ಎಂದೆ. "ಕೊಲೆಯೇ ಆಗಿಲ್ಲ. ಮುಂದಿನ ಹದಿನೈದು ಅಧ್ಯಾಯದಲ್ಲಿ ಪತ್ತೇದಾರ ಏನು ಹುಡುಕ್ತಾನೆ ಚಿಕ್ಕಪ್ಪ?"

"ಸಾಹುಕಾರನ್ನೇ ಕೇಳಿದ್ರೆ ಆಯ್ತಲ್ಲ, ಯಾರು ಕೊಟ್ರಪ್ಪ ನಿಂಗೆ ಅಂತ. ಬದುಕಿದ್ದಾನಲ್ಲ."

ಬೆಂಚಿನ ಮೇಲಿದ್ದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ನಾನು ಒಳಗೆ ಹೋಗಿ ಮೇಜಿನ ಮೇಲಿದ್ದ ನನ್ನ ಹಾಳೆಗಳನ್ನೆಲ್ಲ ಗುಡ್ಡೆಮಾಡಿ ಎತ್ತಿಕೊಂಡೆ. ಬಾಗಿಲಲ್ಲಿ ಚಿಕ್ಕಮ್ಮ ಕಾಫಿ ಹಿಡಿದು ನಿಂತಿದ್ದರು. ಬೇಡವೆಂದು ಕೈಯಾಡಿಸಿ ಮನೆಗೆ ಬಂದುಬಿಟ್ಟೆ. ಅಲ್ಲಿಂದ ಮುಂದೆ ಆ ಬೀದಿ ತುಳಿಯಲಿಲ್ಲ. ತರಕಾರಿಗೂ ಸುತ್ತುಬಳಸಿ ಹೋದೆ. ಆ ದಿನಗಳಲ್ಲಿ ಸುಮಾರು ಕೆಲಸವಾಯಿತು. ಕೊಲೆಗಾರನನ್ನು ಮತ್ತೊಮ್ಮೆ ಬದಲಾಯಿಸಿದೆ. ಈ ಸಲ ಯಾರೆಂದು ನನ್ನ ಗಂಡನಿಗೂ ಹೇಳಲಿಲ್ಲ. ಇಲ್ಲಿಯೂ ಹೇಳುವುದಿಲ್ಲ.

ದಸರಾ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಚಿಕ್ಕಮ್ಮನ ಫೋನು.

"ಬಿಡುವಾಗಿದ್ರೆ ಒಂದ್ಸಲ ಬಂದುಹೋಗೇ. ಯಾಕೋ ಇವರು ಕಾಫಿನೇ ಮುಟ್ತಿಲ್ಲ."

ಚಿಕ್ಕಪ್ಪ ಕಾಫಿ ಬಿಟ್ಟರೆಂದರೆ ಅದು ಸಣ್ಣ ಸುದ್ದಿಯಲ್ಲ. ಆದರೂ ನಾನು ಮೊದಲು ಅಂದುಕೊಂಡದ್ದು, ಇದು ನನ್ನನ್ನು ಕರೆಸಲು ಹೂಡಿದ ಆಟ ಎಂದು. ಮುಖ ಬಿಗಿದುಕೊಂಡೇ ಹೋದೆ.

ಹಬ್ಬಕ್ಕೆಂದು ಮುಂದಿನ ಕೋಣೆಗೆ ಬಣ್ಣ ಹೊಡೆಸಿದ್ದರು. ಸಾಮಾನೆಲ್ಲ ನಡುಮಧ್ಯೆ ಗುಡ್ಡೆ ಬಿದ್ದಿತ್ತು. ಚಿಕ್ಕಪ್ಪ ಕುರ್ಚಿಯಲ್ಲಿ ಕೂತು ಗೋಡೆಯನ್ನು ದಿಟ್ಟಿಸುತ್ತಿದ್ದರು. ಮುಖ ಸೋತಿತ್ತು. ನನ್ನನ್ನು ನೋಡಿದರೂ ಹಳೆಯ ಜಗಳದ ಮಾತೆತ್ತಲಿಲ್ಲ.

"ನೋಡು ಇವನು ಮಾಡಿರೋ ಕೆಲಸ. ಬಿಳಿ ಹೊಡಿ ಅಂದ್ರೆ ಹಳದಿ ಬಳಿದು ಹೋಗಿದ್ದಾನೆ. ಮದುವೆ ಛತ್ರ ಥರ ಇದೆ."

ನಾನು ಗೋಡೆ ನೋಡಿದೆ. ಅಚ್ಚ ಬಿಳುಪು.

"ನೆನ್ನೆಯಿಂದ ಇದೇ ರಾಮಾಯಣ," ಎಂದರು ಚಿಕ್ಕಮ್ಮ. "ಪೇಂಟರ್‌ನ ಕರೆಸಿ ಬಾಯಿಗೆ ಬಂದ ಹಾಗೆ ಬೈದ್ರು. ಪಾಪ, ಅವನು ಡಬ್ಬ ತಂದು ತೋರಿಸಿದ. ಡಬ್ಬದಲ್ಲಿರೋದೂ ಹಳದಿನೇ ಅಂದ್ರು. ಅನ್ನ ನೋಡಿದ್ರೆ ವಾಕರಿಕೆ ಬರುತ್ತೆ ಅಂತಾರೆ. ಮೂರು ಹೊತ್ತೂ ಕೋಪ."

ಈ ಮಾತುಗಳನ್ನು ನಾನು ಎಲ್ಲೋ ಓದಿದ್ದೆ. ಓದಿದ್ದೇನು, ಬರೆದಿದ್ದೆ.

"ಚಿಕ್ಕಪ್ಪ, ಕೈ ಕೊಡಿ."

"ಯಾಕೆ?"

"ನಾಡಿ ನೋಡ್ತೀನಿ."

"ಕೆಮಿಸ್ಟ್ರಿ ಪಾಠ ಮಾಡಿದೋಳು ನನ್ನ ನಾಡಿ ನೋಡ್ತೀಯಾ?" ಕೈ ಎಳೆದುಕೊಂಡರು. ನಾನು ಬಿಡಲಿಲ್ಲ. ಮಣಿಕಟ್ಟು ಹಿಡಿದು ಕಾದೆ. ಒಂದು ಬಡಿತ. ಆಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎನ್ನುವಷ್ಟು ತಡವಾಗಿ ಇನ್ನೊಂದು.

"ಹೊಸದಾಗಿ ಏನಾದ್ರೂ ಮಾತ್ರೆ ತಗೊಂಡ್ರಾ?" ಎಂದು ಚಿಕ್ಕಮ್ಮನನ್ನು ಕೇಳಿದೆ.

"ಕೆಮ್ಮಿತ್ತಲ್ಲ, ತಾವೇ ಚೀಟಿ ಬರೆದು ಆ್ಯಂಟಿಬಯಾಟಿಕ್ ತರಿಸಿಕೊಂಡ್ರು."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ," ಎಂದರು ಚಿಕ್ಕಪ್ಪ. "ಇದು ಅಜೀರ್ಣ. ನನಗೆ ಗೊತ್ತಿಲ್ವಾ? ನಾನು ಡಾಕ್ಟರಾ, ನೀನು ಡಾಕ್ಟರಾ?"

ಮಗ ಮಂಡಕಳ್ಳಿಯಲ್ಲಿ ಡ್ಯೂಟಿ ಮೇಲಿದ್ದ, ಸೊಸೆ ತವರಿಗೆ ಹೋಗಿದ್ದಳು. ನಾನು ಆಟೋ ಕರೆಸಿದೆ. ಚಿಕ್ಕಪ್ಪ ಬರುವುದಿಲ್ಲವೆಂದು ಕುರ್ಚಿಯ ಕೈ ಹಿಡಿದುಕೊಂಡು ಕೂತರು. ಪಂಚೆ ಬದಲಾಯಿಸದೆ ಬರುವುದಿಲ್ಲ ಎಂದರು. ಬದಲಾಯಿಸಿದ್ದಾಯಿತು. ಅಲ್ಲಿರುವವರೆಲ್ಲ ನಿನ್ನೆ ಮೊನ್ನೆಯ ಹುಡುಗರು, ಅವರಿಗೇನು ಗೊತ್ತು ಎಂದರು. ಕೊನೆಗೆ ಚಿಕ್ಕಮ್ಮ, "ಏಳ್ರೀ ಸುಮ್ನೆ," ಎಂದರು. ಅವರ ದಾಂಪತ್ಯದಲ್ಲಿ ಚಿಕ್ಕಮ್ಮ ಆ ಧ್ವನಿಯಲ್ಲಿ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಚಿಕ್ಕಪ್ಪನೂ ಕೇಳಿರಲಿಲ್ಲವೆಂದು ಕಾಣುತ್ತದೆ. ಎದ್ದರು.

ಆಟೋದಲ್ಲಿ ನಡುವೆ ಅವರನ್ನು ಕೂರಿಸಿಕೊಂಡು ಹೋಗುವಾಗ ನಾನು ಮಣಿಕಟ್ಟು ಬಿಟ್ಟಿರಲಿಲ್ಲ. ಹಬ್ಬದ ದೀಪ ಕಟ್ಟುತ್ತಿದ್ದರೆಂದು ದಾರಿಯಲ್ಲೆಲ್ಲ ವಾಹನಗಳು ನಿಂತಿದ್ದವು. ಮುಂದಿದ್ದ ಬಸ್ಸು ಒಂದು ಅಂಗುಲ ಸರಿಯಲೊಲ್ಲದು. ನನಗೆ ಅಳು ಬರಲಿಲ್ಲ, ಬಂದದ್ದು ಕೋಪ. ಬಸ್ಸಿನ ಮೇಲೆ, ದೀಪದವರ ಮೇಲೆ, ತನಗೆ ತಾನೇ ಚೀಟಿ ಬರೆದುಕೊಂಡ ಈ ಮುದುಕನ ಮೇಲೆ. ಅವರು ಮಾತ್ರ ಆಟೋದವರಿಗೆ, "ಆತುರ ಬೇಡ, ನಿಧಾನವಾಗಿ ಹೋಗಪ್ಪ," ಎನ್ನುತ್ತಿದ್ದರು.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇಸಿಜಿ ನೋಡಿದ ಕೂಡಲೇ ಅವರ ಮುಖ ಬದಲಾಯಿತು. ಯಾವ ಯಾವ ಮಾತ್ರೆ ಎಂದು ಕೇಳಿದರು, ಹೇಳಿದೆವು. ಗೋಡೆಯ ವಿಷಯ ಹೇಳಿದೆ. ಅವರು ನನ್ನನ್ನೊಮ್ಮೆ ನೋಡಿ, ಮಂಚದ ಹತ್ತಿರ ಹೋಗಿ ಕೈಕಟ್ಟಿ ನಿಂತರು.

"ಸರ್, ಎದೆ ಮಾತ್ರೆ ರಕ್ತದಲ್ಲಿ ಹೆಚ್ಚಾಗಿದೆ ಅನ್ಸುತ್ತೆ. ಕೆಮ್ಮಿನ ಮಾತ್ರೆ ಜೊತೆ ಸೇರಿ ಹೀಗಾಗಿದೆ. ಈಗ ಅಟ್ರೊಪಿನ್ ಕೊಡ್ತೀವಿ. ಆಮೇಲೆ ಐಸಿಯುನಲ್ಲಿ ನೋಡ್ಕೋತೀವಿ."

ಚಿಕ್ಕಪ್ಪ ಸೂರು ನೋಡುತ್ತ ಮಲಗಿದ್ದರು. ಆಮೇಲೆ, "ಸರಿಯಾಗಿದೆ, ಕೊಡಿ," ಎಂದರು. ಆ ದಿನ ಅವರು ಒಪ್ಪಿಕೊಂಡ ಒಂದೇ ಮಾತು ಅದು.

ಮುಂದಿನ ಕೆಲವು ದಿನಗಳನ್ನು ನಾನು ವಿವರಿಸುವುದಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕೂತವರಿಗೆ ಅದು ಗೊತ್ತು. ಚಿಕ್ಕಮ್ಮ ಒಂದು ಮೂಲೆಯಲ್ಲಿ ಸೆರಗು ಹೊದ್ದು ಕೂತಿರುತ್ತಿದ್ದರು. ನಾನು, ಅವರ ಮಗ ಸರದಿಯ ಮೇಲೆ ಊಟ ತರುತ್ತಿದ್ದೆವು. ನಾಡಿ ಸ್ವಲ್ಪ ಸ್ವಲ್ಪವಾಗಿ ಸರಿಹೋಯಿತು. ವಾರ್ಡಿಗೆ ಕಳಿಸಿದ ದಿನ ಚಿಕ್ಕಪ್ಪ ದಿಂಬಿಗೊರಗಿ ಕೂತಿದ್ದರು, ಬಾಯಿ ಒಣಗುತ್ತದೆಂದು ನೀರು ಕೇಳಿದರು. ಡಾಕ್ಟರು ಬಂದು, ಗೋಡೆಯ ಬಣ್ಣದಿಂದ ಇದನ್ನು ಹಿಡಿದದ್ದು ಹೇಗೆ ಎಂದು ನನ್ನನ್ನು ಕೇಳಿದರು.

"ಇವರೇ ಹೇಳಿಕೊಟ್ಟಿದ್ದು," ಎಂದೆ. "ನಾನೊಂದು ಕಾದಂಬರಿ ಬರೀತಿದ್ದೀನಿ, ಪ್ಲೇಗಿನ ಕಾಲದ್ದು. ಅದರಲ್ಲಿ ಒಬ್ಬರಿಗೆ ಹೀಗಾಗುತ್ತೆ."

"ಹೌದಾ? ಬದುಕ್ತಾರಾ ಅವರು?"

ನಾನು ನೀರಿನ ಲೋಟ ಎತ್ತಿ ಚಿಕ್ಕಪ್ಪನ ಕೈಗೆ ಕೊಟ್ಟೆ. ಡಾಕ್ಟರು ಹೋದ ಮೇಲೆ ಅವರು ನನ್ನನ್ನು ಹತ್ತಿರ ಕರೆದರು. ಧನ್ಯವಾದ ಹೇಳುತ್ತಾರೇನೋ ಎಂದುಕೊಂಡೆ.

"ಮೂರನೇ ಅಧ್ಯಾಯ ತಪ್ಪು ಬರೆದಿದ್ದೀಯ."

"ಚಿಕ್ಕಪ್ಪ, ಈಗ ಬೇಡ."

"ಕೇಳು. ಸಾಹುಕಾರ ಹೆದರ್ತಾನೆ ಅಂತ ಬರೆದಿದ್ದೀಯ. ಗಡಗಡ ನಡುಗ್ತಾನೆ, ದೇವರನ್ನ ನೆನೀತಾನೆ ಅಂತೆಲ್ಲ. ನಾನೂ ಹಾಗೇ ಇರುತ್ತೆ ಅಂದ್ಕೊಂಡಿದ್ದೆ. ಹೆದರಿಕೆ ಆಗಲ್ಲ ಕಣೆ. ಕೋಪ ಬರುತ್ತೆ. ಎಲ್ಲರೂ ದಡ್ಡರು ಅನ್ಸುತ್ತೆ. ಕಾಫಿ ಕೆಟ್ಟಿದೆ, ಗೋಡೆ ಕೆಟ್ಟಿದೆ, ಯಾರಿಗೂ ಕೆಲಸ ಬರಲ್ಲ. ನನಗೇನೋ ಆಗಿದೆ ಅಂತ ಒಂದು ಕ್ಷಣಾನೂ ಅನಿಸಲಿಲ್ಲ. ಇಷ್ಟು ವರ್ಷ ಪೇಷಂಟುಗಳು ನನ್ನ ಮೇಲೆ ರೇಗಿದಾಗ ನಾನೂ ತಿರುಗಿ ರೇಗ್ತಿದ್ದೆ." ಇಷ್ಟು ಹೇಳಿ ಗೋಡೆ ಕಡೆ ತಿರುಗಿದರು. ಆಸ್ಪತ್ರೆಯ ಗೋಡೆ ತಿಳಿಹಸಿರು. "ಇದು ಹಸಿರು ತಾನೆ?"

"ಹಸಿರೇ."

"ಸರಿ ಹಾಗಾದ್ರೆ."

ಅವರು ಮನೆಗೆ ಬಂದ ಮೇಲೆ ನಾನು ಆ ಅಧ್ಯಾಯ ತಿದ್ದಿದೆ. ಸಾಹುಕಾರ ಈಗ ದೇವರನ್ನು ನೆನೆಯುವುದಿಲ್ಲ. ದೀಪಕ್ಕೆ ಹಾಕಿದ ಎಣ್ಣೆ ಕಲಬೆರಕೆಯದೆಂದು ಬೈಯುತ್ತಾನೆ, ಹಾಸಿಗೆ ಹಾಸಿದವರಿಗೆ ಬೈಯುತ್ತಾನೆ, ಬೈಯುತ್ತಾ ಬೈಯುತ್ತಾ ಸಾಯುತ್ತಾನೆ. ಮನೆಯವರು ಅವನ ಕೋಪಕ್ಕೆ ಹೆದರಿ ಹತ್ತಿರ ಹೋಗದೆ ಬಾಗಿಲಾಚೆ ನಿಂತಿರುತ್ತಾರೆ. ಡಾಕ್ಟರು ತಡವಾಗಿ ಬರಲು ಈಗ ಟಾಂಗಾ ಬೇಕಾಗಲಿಲ್ಲ, ಇವನ ಬಾಯಿಗೆ ಹೆದರಿ ಯಾರೂ ಕರೆಯಲು ಹೋಗಿರಲೇ ಇಲ್ಲ. ನಾನು ಬರೆದದ್ದರಲ್ಲಿ ಚೆನ್ನಾಗಿರುವ ಅಧ್ಯಾಯ ಅದೊಂದೇ ಇರಬೇಕು. ಚಿಕ್ಕಪ್ಪನಿಗೆ ಕೊಟ್ಟೆ. ಒಂದು ಪುಟ ಓದಿ ಮಡಿಸಿಟ್ಟರು. ಮುಂದಿನದು ತಮಗೆ ಬೇಡ ಎಂದರು. ಶವಪರೀಕ್ಷೆಯಲ್ಲಿ ಯಕೃತ್ತಿನ ತೂಕ ಹೆಚ್ಚಾಯಿತು, ಅದನ್ನು ಮಾತ್ರ ಸರಿಮಾಡಿಕೋ ಎಂದರು.

ಮಾತ್ರೆಗಳ ಡಬ್ಬ ಈಗ ಚಿಕ್ಕಮ್ಮನ ಸುಪರ್ದಿಯಲ್ಲಿದೆ. ಅದಕ್ಕಾಗಿ ದಿನಾ ಜಗಳ. ನಾನು ವಾರಕ್ಕೊಮ್ಮೆ ಹೋಗಿ ನಾಡಿ ನೋಡುತ್ತೇನೆ, ನೀನು ಬೆರಳು ಇಡುವ ಜಾಗವೇ ತಪ್ಪು ಎನ್ನುತ್ತಾರೆ. ಜಗಲಿಯ ಸಭೆ ಮತ್ತೆ ಶುರುವಾಗಿದೆ, ತಮ್ಮ ಕಾಯಿಲೆಯ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಾರೆ. ಆ ಕಥೆಯಲ್ಲಿ ರೋಗವನ್ನು ಕಂಡುಹಿಡಿದವರು ಅವರೇ.

ಪುಸ್ತಕ ಕೊನೆಗೂ ಅಚ್ಚಾಯಿತು. ಪ್ರಕಾಶಕರೇ ಆಟೋದಲ್ಲಿ ಕಟ್ಟು ತಂದು ಮನೆಗೆ ಕೊಟ್ಟರು. ಮೊದಲ ಪ್ರತಿಯನ್ನು ಚಿಕ್ಕಮ್ಮನಿಗೆ ಕೊಟ್ಟುಬಂದೆ. ಇಷ್ಟು ದಿನ ನಮ್ಮಿಬ್ಬರ ಕೂಗಾಟದ ನಡುವೆ ಕಾಫಿ ಇಟ್ಟು ಹೋಗುತ್ತಿದ್ದವರು ಅವರೊಬ್ಬರೇ, ಒಂದು ದಿನವೂ ಅಭಿಪ್ರಾಯ ಹೇಳಿರಲಿಲ್ಲ. ಎರಡು ಮಧ್ಯಾಹ್ನದಲ್ಲಿ ಓದಿ ಮುಗಿಸಿದರಂತೆ. ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತ ಕೂತಿದ್ದಾಗ ನಾನು ಪಕ್ಕದಲ್ಲಿ ಕೂತೆ. ಹೇಗಿದೆ ಎಂದು ಕೇಳಲು ಧೈರ್ಯ ಬರಲಿಲ್ಲ.

"ಚೆನ್ನಾಗಿದೆ," ಎಂದರು ಅವರೇ. "ಕೊಲೆಗಾರ ಯಾರು ಅಂತ ನಂಗೂ ಗೊತ್ತಾಗಲಿಲ್ಲ."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಆದ್ರೆ ಆ ಸಾಹುಕಾರನ ಹೆಂಡತಿ ಇದ್ದಳಲ್ಲ. ಮೂರನೇ ಅಧ್ಯಾಯದಲ್ಲಿ ಬಾಗಿಲಾಚೆ ನಿಂತಿದ್ದಳು. ಆಮೇಲೆ ಅವಳ ಸುದ್ದಿಯೇ ಇಲ್ಲ. ಊರೆಲ್ಲಾ ಪ್ಲೇಗು, ಗಂಡ ಹೋದ, ಮಂಡಿ ಬಾಗಿಲು ಮುಚ್ಚಿದೆ. ಅವಳು ಎಲ್ಲಿಗೆ ಹೋದ್ಲು? ಏನು ಉಂಡ್ಲು?"

ಅದರ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಒಂದು ವರ್ಷದ ಮೇಲೆ ಇಬ್ಬರು ಓದಿದವರು ವಿಷ, ನಾಡಿ, ಕುದುರೆ ಎಂದು ಕಿತ್ತಾಡಿದ್ದೆವು. ಅಚ್ಚಾದ ಪುಸ್ತಕದ ಕಟ್ಟು ನನ್ನ ಮನೆಯ ನಡುಮನೆಯಲ್ಲಿ ಕೂತಿತ್ತು.

"ಅದನ್ನ ಮುಂಚೆನೇ ಹೇಳಬಾರದಾಗಿತ್ತಾ ಚಿಕ್ಕಮ್ಮ?" ಎಂದೆ.

"ನೀವು ಯಾರು ನನ್ನ ಕೇಳಿದ್ರಿ?" ಎಂದು ಚಿಕ್ಕಮ್ಮ ಅವರೆಕಾಯಿಯ ಮೊರವನ್ನು ನನ್ನ ಕಡೆ ಸರಿಸಿದರು.